ಬಿಸ್ಮಿಲ್ಲಾದ ಬೊಟ್ಟು

ಚಿತ್ತಯ್ಯನ ವಿಷಯ ಬರೆಯಲು ನನಗಿಂತ ಅಯೋಗ್ಯ ಚಿತ್ರದುರ್ಗದಲ್ಲಿ ಇನ್ನೊಬ್ಬನಿಲ್ಲ. ಆದರೆ ನಡೆದದ್ದು ಪೂರ್ತಿ ಗೊತ್ತಿರುವವನೂ ನಾನೊಬ್ಬನೇ, ಬರೆಯದೆ ವಿಧಿಯಿಲ್ಲ.

೧೯೭೩ರಲ್ಲಿ ಸಂತೆಹೊಂಡದ ಹತ್ತಿರದ ಒಂದು ಪ್ರೆಸ್ಸಿನಲ್ಲಿ ನಾನು ಅಚ್ಚುಮೊಳೆ ಜೋಡಿಸುತ್ತಿದ್ದೆ, ಚಿತ್ತಯ್ಯ ಬಣ್ಣ ತುಂಬುತ್ತಿದ್ದ. ಹರಿಯಬ್ಬೆ ಎಂಬ ಹಳ್ಳಿಯ ಕುರಿ ಕಾಯುವ ಮನೆಯವನು, ವಯಸ್ಸು ನಲವತ್ತು ದಾಟಿತ್ತು. ನಮ್ಮ ಮಾಲೀಕನ ಹಳೇ ಮೆಷಿನ್ನಿಗೆ ಕಪ್ಪು ಬಿಟ್ಟು ಬೇರೆ ಬಣ್ಣ ಒಗ್ಗುತ್ತಿರಲಿಲ್ಲ. ಮದುವೆ ಪತ್ರಿಕೆಯ ಗಣಪತಿ ಕೆಂಪಾಗಬೇಕೆಂದರೆ ಚಿತ್ತಯ್ಯನೇ ಕುಂಚ ಹಿಡಿದು ಒಂದೊಂದಕ್ಕೂ ತುಂಬಬೇಕು.

ಆ ವರ್ಷ ಮದರಸಾದವರು ಮಕ್ಕಳ ಅರಬ್ಬಿ ಪುಸ್ತಕ ಅಚ್ಚಿಗೆ ತಂದರು. ಐನೂರು ಪ್ರತಿ. ಪದದಲ್ಲಿ ಕಲಿಸುವ ಅಕ್ಷರವೊಂದೇ ಕೆಂಪಾಗಿರಬೇಕು. ಊರಿನ ಹಿರಿಯ ಅರಬ್ಬಿ ಲಿಪಿಕಾರರಾದ ದಸ್ತಗೀರ್ ಸಾಬರು ಆ ಅಕ್ಷರದ ಒಳಗೆ ಪೊಳ್ಳು ಬಿಟ್ಟು, ಅಂಚು ಮಾತ್ರ ಎಳೆದು ಬರೆದುಕೊಟ್ಟರು. ಅದರಿಂದ ಸತುವಿನ ಬ್ಲಾಕು ಮಾಡಿಸಿ ತಂದದ್ದಾಯಿತು. ಪೊಳ್ಳು ತುಂಬುವುದು ಚಿತ್ತಯ್ಯನ ಪಾಲು.

ಅರಬ್ಬಿಯಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೋ ನನಗಂತೂ ಹತ್ತಲಿಲ್ಲ. ಚಿತ್ತಯ್ಯ ಸಾಬರ ಎದುರು ಕುಳಿತು ಕಲಿತ.

"ಒಂಟಿಯಾಗಿದ್ರೆ ‘ಬೇ’ ಅಕ್ಷರ ದೋಣಿ ಥರ ಉದ್ದ ಐತೆ. ಪದದ ಮೊದ್ಲಿಗೆ ಬಂದ್ರೆ ಮೈಯೆಲ್ಲ ಕರಗಿ ಒಂದು ಹಲ್ಲು ಉಳೀತೈತೆ" ಎಂದರು ಸಾಬರು. "ಆದ್ರೆ ಬೊಟ್ಟು ಹೋಗಲ್ಲ. ಕೆಳಗಿದ್ರೆ ಬೇ, ಮೇಲಿದ್ರೆ ನೂನ್. ಬೊಟ್ಟೇ ಇಲ್ದಿದ್ರೆ ಅದಕ್ಕೆ ಹೆಸರೇ ಇಲ್ಲ."

"ನಮ್ಮ ಕುರಿ ಕಥೆನೇ ಆತಲ್ರಿ!" ಚಿತ್ತಯ್ಯ ನಕ್ಕ. "ಬೆನ್ನಿನ ಬಣ್ಣ ನೋಡೇ ಯಾರ ಮನೇದು ಅಂತೀವಿ."

ಸಾಬರ ಕಣ್ಣಿಗೆ ಪೊರೆ ಬರುತ್ತಿತ್ತು. ಅವರ ಮಕ್ಕಳಿಗೆ ಆ ಕೆಲಸ ಬೇಕಿರಲಿಲ್ಲ. "ಈ ಪುಸ್ತಕ ಚೊಕ್ಕವಾಗಿ ಬರ್ಲಿ, ನಾನು ಬರೆಯೋ ಕಲಮು ನಿನಗೇ ಕೊಡ್ತೀನಿ" ಎಂದು ನನ್ನೆದುರಿಗೇ ಮಾತು ಕೊಟ್ಟರು. ಅವತ್ತಿನಿಂದ ಚಿತ್ತಯ್ಯ ಬೀಡಿ ಸೇದಿದ ಕೈ ತೊಳೆಯದೆ ಆ ಹಾಳೆ ಮುಟ್ಟಲಿಲ್ಲ.

ಕೆಡಿಸಿದವನು ನಾನು. ಬ್ಲಾಕಿನಲ್ಲಿ ಬೇಡದ ಲೋಹ ಉಬ್ಬಿದ್ದರೆ ಕಾಗದದ ಮೇಲೆ ಚುಕ್ಕೆ ಬೀಳುತ್ತದೆ. ಅಂಥದ್ದನ್ನು ಉಳಿಯಿಂದ ಕೆತ್ತಿ ತೆಗೆಯುವುದು ನಮ್ಮ ರೂಢಿ. ಮೊದಲ ಪುಟದಲ್ಲಿ ದೇವರ ಹೆಸರು ಹೇಳುವ ಬಿಸ್ಮಿಲ್ಲಾದ ಮೊದಲಕ್ಷರ ‘ಬೇ’ಯ ಕೆಳಗೆ ಸಾಸಿವೆಯಷ್ಟು ಏನೋ ಕಂಡಿತು. ಕಸವೆಂದು ಕೆತ್ತಿಬಿಟ್ಟೆ. ನಾನೆಂಥ ಕೆಲಸಗಾರ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಹಾಳೆ ಕೈಗೆ ಬಂದೊಡನೆ ಚಿತ್ತಯ್ಯ ಮಾಲೀಕನ ಬಳಿ ಓಡಿದ. "ಬೊಟ್ಟಿಲ್ರಿ ಇದರಾಗೆ."

"ಸಾಬರ ಅಕ್ಷರ ನಿಂಗೇನ್ ಗೊತ್ತಲೇ, ಕುರಿ ಕಾಯೋನೆ? ಇದ್ದಷ್ಟು ತುಂಬು."

ಸಾಬರನ್ನೇ ಕೇಳೋಣವೆಂದರೆ ಅವರು ಹೊಸದುರ್ಗದ ಮಗಳ ಮನೆಗೆ ಹೋಗಿದ್ದರು. ಇನ್ನೂರು ಪ್ರತಿ ಬೊಟ್ಟಿಲ್ಲದೆಯೇ ಮದರಸಾಕ್ಕೆ ಹೋದವು. ಆಮೇಲೆ ಚಿತ್ತಯ್ಯನಿಗೆ ತಡೆಯಲಾಗಲಿಲ್ಲ. ಉಳಿದ ಮುನ್ನೂರರಲ್ಲಿ ತಾನೇ ಕುಂಚದ ತುದಿಯಿಂದ ಕೆಂಪು ಬೊಟ್ಟು ಇಟ್ಟ. ಅದೇ ಅವನಿಗೆ ಮುಳುವಾಯಿತು.

ಮದರಸಾದ ಹಿರಿಯರು ಬಂದು ಎರಡು ಪುಸ್ತಕ ಬಿಚ್ಚಿಟ್ಟರು. ಒಂದರಲ್ಲಿ ಬೊಟ್ಟಿಲ್ಲ, ಇನ್ನೊಂದರಲ್ಲಿ ಇದೆ. ದೇವರ ಹೆಸರಿನ ಮೊದಲಲ್ಲೇ ಹೀಗೆಯೇ ಎಂದು ಕೇಳಿದರು. ಸಾಬರು ಜೊತೆಗಿದ್ದರು.

"ಬೊಟ್ಟು ಬಣ್ಣದೋನ ಕೆಲ್ಸ ರೀ. ಮೊದ್ಲು ಮರ್ತಾನೆ, ಆಮೇಲೆ ಇಟ್ಟಾನೆ" ಎಂದ ಮಾಲೀಕ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

"ಅಚ್ಚಿನಾಗೇ ಇರ್ಲಿಲ್ರಿ" ಚಿತ್ತಯ್ಯ ಹಾಳೆಯನ್ನು ಬೆಳಕಿಗೆ ಹಿಡಿದ. "ಇಲ್ಲಿ ಸಣ್ಣ ಗೀರು ಐತೆ ನೋಡ್ರಿ. ಯಾರೋ ಉಳಿ ಆಡಿಸ್ಯಾರೆ."

ಮಾಲೀಕ ನನ್ನತ್ತ ತಿರುಗಿದ. "ಏನಪ್ಪ ಅಜ್ಜಪ್ಪ, ಉಳಿ ಮುಟ್ಟಿದ್ಯಾ?"

"ಇಲ್ರಿ" ಎಂದೆ. ಕೆಲಸ ಹೋಗುತ್ತದೆಂಬ ಭಯ. ಬೇರೆ ಕಾರಣವಿಲ್ಲ, ಹುಡುಕಿ ಹೇಳುವುದೂ ಇಲ್ಲ.

ಸಾಬರ ಮುಖ ಇಳಿಯಿತು. "ಮರೆತಿದ್ರೆ ಮರೆತೆ ಅನ್ನಬೇಕಿತ್ತು ಚಿತ್ತಯ್ಯ. ಇನ್ನೊಬ್ಬರ ಮೇಲೆ ಹಾಕಬಾರ್ದಿತ್ತು" ಎಂದರು. ಕೊಡಲೆಂದೇ ತಂದಿದ್ದರೋ ಏನೋ, ಕಲಮು ಅವರ ಜೇಬಿನಲ್ಲಿ ಕಾಣುತ್ತಿತ್ತು. ಅದರ ಮೇಲೆ ಕೈಯಿಟ್ಟುಕೊಂಡೇ ಎದ್ದು ಹೋದರು.

ಚಿತ್ತಯ್ಯ ನನ್ನನ್ನು ಬೈಯಲಿಲ್ಲ. ಕುಂಚ ತೊಳೆದಿಟ್ಟು ಹರಿಯಬ್ಬೆಗೆ ಹೋದವನು ಮತ್ತೆ ಪ್ರೆಸ್ಸಿಗೆ ಬರಲಿಲ್ಲ.

ಆರು ವರ್ಷದ ಮೇಲೆ ಧರ್ಮಪುರದ ಬಸ್ಸಿನಲ್ಲಿ ಹೋಗುತ್ತಿದ್ದೆ. ಹರಿಯಬ್ಬೆ ಹತ್ತಿರ ಕುರಿಮಂದೆ ಅಡ್ಡ ಬಂದು ಬಸ್ಸು ನಿಂತಿತು. ಒಂದೊಂದು ಕುರಿಯ ಬೆನ್ನ ಮೇಲೂ ಒಂದೇ ಅಳತೆಯ ದುಂಡನೆಯ ಕೆಂಪು ಬೊಟ್ಟು. ನಾನು ಮುಖ ತಿರುಗಿಸುವಷ್ಟರಲ್ಲಿ ಚಿತ್ತಯ್ಯ ಕಿಟಕಿಯ ಹತ್ತಿರ ಬಂದಿದ್ದ.

"ಉಳಿ ಇನ್ನೂ ಚೂಪೈತೇನಪ್ಪ, ಅಜ್ಜಪ್ಪ?"

"ಆ ಕೆಲ್ಸ ಬಿಟ್ಟು ವರ್ಷಗಳಾತು" ಎಂದೆ. ಅದೂ ಸುಳ್ಳು.