ಹುಡುಗ ಕಂಪೌಂಡರ್ ಅಲ್ಲರಿ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಗೆ ಹೋದರೂ ಮಾತಾಡುತ್ತಲೇ ಅವರ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತೇನೆ. ಪ್ರೀತಿಯಿಂದ ಕೈ ಹಿಡಿದನೆಂದು ಅವರು ಹಿಗ್ಗುತ್ತಾರೆ, ನಾನು ಎಪ್ಪತ್ತಾರೋ ಎಪ್ಪತ್ತೆಂಟೋ ಎಂದು ಗುನುಗುತ್ತಿರುತ್ತೇನೆ. ಎಪ್ಪತ್ತರ ದಶಕದಲ್ಲಿ ನರ್ಸಿಂಗ್ ಕಲಿತು ಬಸವಕಲ್ಯಾಣದ ಒಂದು ದವಾಖಾನೆಗೆ ಸೇರಿದವನು ನಾನು. ಗಂಡು ನರ್ಸ್ ಎಂದರೆ ಆಗ ಮಂದಿ ನಗುತ್ತಿದ್ದರು, ಇಲ್ಲವೆ ಅಯ್ಯೋ ಪಾಪ ಎನ್ನುತ್ತಿದ್ದರು. ನಗುವವರೇ ಮೇಲು ಎನಿಸುತ್ತಿತ್ತು.

ನೀವೇ ಯೋಚಿಸಿ ನೋಡಿ. ಮನೆಯ ಒಲೆ ಹೆಂಗಸಿನದು, ಮದುವೆಮನೆಯ ದೊಡ್ಡ ಒಲೆ ಗಂಡಸಿನದು. ಹರಿದ ಅಂಗಿಗೆ ಸೂಜಿ ಹಿಡಿಯುವವಳು ಹೆಂಡತಿ, ಹೊಸ ಅಂಗಿಗೆ ಹಿಡಿಯುವವನು ಟೇಲರ್. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಭಜನೆಯಲ್ಲಿ ತಾಳ ಹಾಕುವ ನಮ್ಮ ಕಲ್ಯಾಣದ ಮಂದಿಗೂ, ಗಂಡಸೊಬ್ಬ ರೋಗಿಯ ಮೈ ಒರೆಸಿದರೆ ಮಾತ್ರ ತಾಳ ತಪ್ಪುತ್ತಿತ್ತು. ಕೊಡಂಬಲದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ನನ್ನಪ್ಪ, "ಎತ್ತಿನ ಸಗಣಿ ಬಳದ್ರ ಮರ್ಯಾದಿ ಹೋಗಂಗಿಲ್ಲ. ಮಂದೀದು ಬಳದ್ರ ಮರ್ಯಾದಿ ಹ್ಯಾಂಗ ಉಳಿತದೋ?" ಎಂದಿದ್ದ. ನಾನು ಕೆಲಸವನ್ನಂತೂ ಬಿಡಲಿಲ್ಲ.

ಹೀಗಿರುವಾಗ ನನ್ನ ಸೋದರಮಾವ ಹುಮನಾಬಾದಿನಲ್ಲಿ ಒಂದು ಹೆಣ್ಣು ಗೊತ್ತುಮಾಡಿದ. ಹುಡುಗ ಔಷಧಿ ಕಟ್ಟಿಕೊಡುವ ಕಂಪೌಂಡರ್ ಎಂದು ಅವರಿಗೆ ಹೇಳಿಯೂ ಬಿಟ್ಟ. "ಲಗ್ನ ಆಗೋತನ ಬಾಯಿ ಮುಚ್ಕೊಂಡಿರು" ಎಂದು ನನಗೆ ತಾಕೀತು. ನೋಡಲು ಹೋದಾಗ ಹುಡುಗಿ ನನ್ನ ಮನಸ್ಸಿಗೆ ಬಂದಳು. ಈಗ ನಿಜ ಹೇಳಿದರೆ ಅವಳು ಕೈತಪ್ಪುತ್ತಾಳೆ, ಸುಳ್ಳು ಹೇಳಿದರೆ ನನ್ನ ಕೆಲಸಕ್ಕೆ ನಾನೇ ನಾಚಿದಂತಾಗುತ್ತದೆ.

ನಮ್ಮ ಕಡೆ ಹೆಣ್ಣಿನವರು ಹೇಳದೆ ಕೇಳದೆ ಬಂದು ಹುಡುಗನ ನೌಕರಿ ನೋಡಿಕೊಂಡು ಹೋಗುವುದುಂಟು. ಒಂದು ಮುಂಜಾನೆ ಹುಡುಗಿಯ ಅಪ್ಪ ವಾರ್ಡಿಗೇ ಬಂದು ನಿಂತರು. ನಾನು ಸೊಂಟ ಮುರಿದ ಮುದುಕನೊಬ್ಬನನ್ನು ಮಗ್ಗುಲಿಗೆ ಹೊರಳಿಸಿ ಹೊಲಸು ತೊಳೆಯುತ್ತಿದ್ದೆ. ಹೆಣ್ಣು ನರ್ಸುಗಳನ್ನು ಹತ್ತಿರ ಬಿಡದೆ, ನಾನು ಡ್ಯೂಟಿಗೆ ಬರುವವರೆಗೂ ಹಾಗೇ ಬಿದ್ದುಕೊಂಡಿದ್ದ ಹಟಮಾರಿ ಆತ.

"ಇದ್ಯಾಕ ನೀವು ಮಾಡಾಕತ್ತೀರಿ? ಇದಕ್ಕ ಆಳು ಇಲ್ಲೇನ್ರಿ?" ಎಂದರು.

ಆಳು ಇವತ್ತು ಬಂದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಮುದುಕ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಇದೇ ನನ್ನ ಕೆಲಸ್ರಿ. ನಮ್ಮ ಮಾವ ಸುಳ್ಳ ಹೇಳ್ಯಾನ. ನಾ ಕಂಪೌಂಡರ್ ಅಲ್ಲರಿ, ನರ್ಸ್."

ಕೈ ತೊಳೆದು ಬಂದು ಚಹಾ ತರಿಸಿದೆ. ಅವರು ಕಪ್ಪು ಮುಟ್ಟದೆ ಎದ್ದರು. ಬೀಗರಾಗುವವರು ಚಹಾ ಒಲ್ಲೆ ಎಂದರೆ ಸಂಬಂಧವೇ ಒಲ್ಲೆ ಎಂದ ಹಾಗೆ. ಅವರು ಅತ್ತ ಹೋದ ಮೇಲೆ ಔಷಧಿ ಕೋಣೆಯಲ್ಲಿ ನಿಂತು ಅತ್ತೆ, ಮುಚ್ಚುಮರೆ ಯಾಕೆ.

ವಾರ ಕಳೆದು ಅದೇ ಮನುಷ್ಯ ತಿರುಗಿ ಬಂದರು. ತಾವೇ ಚಹಾ ಕೇಳಿ ಕುಡಿದರು.

"ಮಗಳು ಒಂದ ಮಾತ ಕೇಳಿದಳ್ರಿ. ಅವ್ವ ವರ್ಷಗಟ್ಲೆ ಹಾಸಿಗಿ ಹಿಡಿದಿದ್ಳು, ನಿಮ್ಮೊಳಗ ಒಬ್ಬ ಗಂಡಸಾದ್ರೂ ಆಕಿ ಖೋಲಿಯೊಳಗ ಬಂದಿದ್ನೇನು ಅಂದಳು. ಅದಕ್ಕ ಬಂದೀನ್ರಿ, ಲಗ್ನದ ಮಾತ ಮುಗಿಸೂಣು."

ಇಲ್ಲಿಗೆ ನಿಲ್ಲಿಸಿದರೆ ನಾನು ದೊಡ್ಡ ಮನುಷ್ಯನಾಗಿ ಉಳಿಯುತ್ತೇನೆ. ಆದರೆ ಮದುವೆಯಾದ ಎರಡನೇ ತಿಂಗಳಲ್ಲಿ ಹೆಂಡತಿಗೆ ಜ್ವರ ಬಂತು. ಥರ್ಮಾಮೀಟರ್ ಇಟ್ಟೆ, ಗುಳಿಗೆ ನುಂಗಿಸಿದೆ, ಹಣೆಗೆ ಒದ್ದೆಬಟ್ಟೆ ಹಾಕಿದೆ. ಆಮೇಲೆ ರೂಢಿಯಂತೆ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ, ಊಟದ ತಾಟು ಬರಲೆಂದು ಕೂತೆ.

ಅವಳು ಕಂಬಳಿಯೊಳಗಿಂದ ಕೇಳಿದಳು: "ದವಾಖಾನ್ಯಾಗ ಎಲ್ಲಾರಿಗೂ ಗಂಜಿ ಕುಡಿಸಿ ಬರ್ತೀರಿ. ಹೊಸ್ತಿಲ ದಾಟಿ ಒಳಗ ಬಂದ ಕೂಡ್ಲೆ ಗಂಡಸ ಆಗ್ತೀರೇನ್ರಿ?"

ಅವಳ ಅಪ್ಪನ ಮುಂದೆ ನಿಜ ಹೇಳುವುದು ಇದಕ್ಕಿಂತ ಸುಲಭವಿತ್ತು. ಎದ್ದು ಒಲೆಯ ಮುಂದೆ ಕೂತೆ. ಕೂತ ಮೇಲೆ, ಜೋಳದ ಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ಅವಳನ್ನೇ ಕೇಳಿದೆ.