ಕಾಪುವಿನ ಮನೆಗೆ ನಾನು ಕಲಿಸಿದ ಅಡುಗೆ

ಉಡುಪಿಯಲ್ಲಿ ನಾವಿರುವ ಮನೆಯ ಹಿಂದಿನ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊನ್ನೆ ಬೆಳಿಗ್ಗೆ ಹುರುಳಿ ಬೇಯಲು ಇಟ್ಟಿದ್ದರು. ಹುರುಳಿ ಬೇಯುವಾಗ ಬರುವ, ಒದ್ದೆ ಮಣ್ಣಿನ ಹಾಗೂ ಗೋಣಿಯ ಹಾಗೂ ಇರುವ ಆ ವಾಸನೆ ನಿಮಗೆ ಗೊತ್ತಿರಬಹುದು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಪೇಪರು ಓದುತ್ತಿದ್ದ ಮಗಳು ತಲೆ ಎತ್ತಿ, ಇಷ್ಟು ಸೆಕೆಯಲ್ಲಿ ಕಿಟಕಿ ಯಾಕೆ ಮುಚ್ಚಿದ್ದು ಎಂದು ಕೇಳಿದಳು. ವಾಸನೆ ಎಂದೆ. ಒಳ್ಳೆಯ ವಾಸನೆ ಅಲ್ವಾ, ಮಣಿಪಾಲದ ಹೋಟೆಲುಗಳಲ್ಲಿ ಈಗ ಹುರುಳಿ ಸಾರನ್ನು ಜನ ಕೇಳಿ ಹಾಕಿಸಿಕೊಳ್ಳುತ್ತಾರೆ ಎಂದಳು. ಸರಿಯಾದ ಉತ್ತರ ಕೊಡಬೇಕಾದರೆ ಅದು ಬಹಳ ಉದ್ದ ಉಂಟು. ನಿಮಗಾದರೆ ಹೇಳಬಹುದು. ನೀವು ನನ್ನ ಮುಖ ನೋಡಿದವರಲ್ಲ.

ನಾನು ಹುಟ್ಟಿದ್ದು ಕಾರ್ಕಳದ ಹೊರಗೆ, ಕಲ್ಲಿನ ಇಳಿಜಾರಿನಲ್ಲಿದ್ದ ಹುಲ್ಲಿನ ಮನೆಯಲ್ಲಿ. ಅಪ್ಪ ನನಗೆ ಬುದ್ಧಿ ಬರುವ ಮೊದಲೇ ತೀರಿಹೋಗಿದ್ದ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮೊರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರೆ ಬೆಳಕು ಹೋಗುವವರೆಗೆ ಏಳುತ್ತಿರಲಿಲ್ಲ. ನಮ್ಮ ಒಲೆಯ ಮೇಲೆ ವರ್ಷದ ಹೆಚ್ಚು ದಿನ ಇರುತ್ತಿದ್ದದ್ದು ಗಂಜಿ ಮತ್ತು ಹುರುಳಿ. ಅಮ್ಮನಿಗೆ ಏನನ್ನೂ ಎಸೆಯಲು ಬರುತ್ತಿರಲಿಲ್ಲ. ಗಂಜಿಯ ತಿಳಿಗೆ ಉಪ್ಪು ಹಾಕಿದರೆ ಅದು ಮಧ್ಯಾಹ್ನದ ಪಾನಕ. ಉಳಿದ ತಿಳಿಗೆ ಹುರುಳಿಯ ರಸ ಸೇರಿದರೆ ರಾತ್ರಿಯ ಸಾರು. ಹಲಸಿನ ಸೊಳೆ ಉಪ್ಪಿನಲ್ಲಿ, ಹಲಸಿನ ಬೀಜ ಕೆಮ್ಮಣ್ಣಿನಲ್ಲಿ. ಮಳೆಗಾಲ ಪೂರ್ತಿ ಗುಡ್ಡದ ತಜಂಕಿನ ಸೊಪ್ಪು, ಕೆಸುವಿನ ಎಲೆ. ಅದು ಕಷ್ಟ ಎಂದು ನನಗೆ ಆಗ ಅನ್ನಿಸಿದ್ದಿಲ್ಲ. ಎಲ್ಲರ ಮನೆಯಲ್ಲೂ ಹೀಗೆಯೇ ಎಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿದದ್ದು ಮದುವೆಯಾದ ಮೇಲೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಎಲ್ಲೂರಿನಲ್ಲಿದ್ದ ನನ್ನ ಸೋದರಮಾವ ಕಾಪುವಿನಿಂದ ಒಂದು ಸಂಬಂಧ ತಂದರು. ಸಮುದ್ರದ ಹತ್ತಿರ ದೊಡ್ಡ ಹಂಚಿನ ಮನೆ. ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆಯಲ್ಲಿ ಹುಡುಗನ ತಂದೆಗೆ ಪಾಲು ಇತ್ತು, ಉಪ್ಪುಮೀನನ್ನು ಘಟ್ಟದ ಮೇಲೆ ಕಳುಹಿಸುವ ವ್ಯಾಪಾರವೂ ಇತ್ತು. ಅಂಥವರು ನಮ್ಮ ಇಳಿಜಾರಿಗೆ ಬಂದು ನೋಡಿದರೆ ಮಾತು ಮುರಿಯುತ್ತದೆ ಎಂದು ಸೋದರಮಾವ ಹೆಣ್ಣು ತೋರಿಸಿದ್ದೂ ಧಾರೆ ಎರೆದದ್ದೂ ಎಲ್ಲೂರಿನ ತಮ್ಮ ಮನೆಯಲ್ಲೇ. ತಂಗಿಯೂ ಅವಳ ಮಗಳೂ ನನ್ನ ಜೊತೆಯಲ್ಲೇ ಇರುವುದು ಎಂದು ಹುಡುಗನ ಕಡೆಯವರಿಗೆ ಹೇಳಿದರು. ಅಮ್ಮ ಆ ದಿನ ಎರಡು ಕೈಗಳನ್ನೂ ಸೆರಗಿನೊಳಗೆ ಇಟ್ಟುಕೊಂಡೇ ಓಡಾಡಿದಳು. ಹೊಗೆಸೊಪ್ಪಿನ ಬಣ್ಣ ಬೆರಳಿನಿಂದ ಹೋಗುವುದಿಲ್ಲವಷ್ಟೆ.

ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುತ್ತಾರೆ. ನನ್ನ ಮಾಮಿ ಎತ್ತರದ, ತುಂಬುಮೈಯ ಹೆಂಗಸು. ಕೊಡುವುದೆಂದರೆ ಅವರಿಗೆ ಉಸಿರಾಡಿದ ಹಾಗೆ. ಬಲೆ ಎಳೆಯುವವರು, ಗಾಡಿಯವರು, ದಾರಿಯಲ್ಲಿ ಹೋಗುವವರು, ಯಾರು ಅಂಗಳಕ್ಕೆ ಬಂದರೂ ಊಟ. ಆ ಅನ್ನದ ಪಾತ್ರೆಯನ್ನು ಇಬ್ಬರು ಹಿಡಿದು ಇಳಿಸಬೇಕು. ಮದುವೆಯಾದ ಹೊಸತರಲ್ಲಿ ನನ್ನನ್ನು ತೆಂಗಿನಕಾಯಿ ಹೆರೆಯಲು ಕೂರಿಸಿದರು. ನಾನು ಅಮ್ಮನ ಮನೆಯ ಅಭ್ಯಾಸದಲ್ಲಿ ಗೆರಟೆಯ ಕಪ್ಪು ಕಾಣುವವರೆಗೆ ಹೆರೆದೆ. ಮಾಮಿ ನೋಡಿ ನಕ್ಕರು. "ಸಾಕು ಮಗಾ, ಕಾಯಿಗೆ ನೋವಾದೀತು" ಎಂದರು. ನಾದಿನಿಯರಿಬ್ಬರೂ ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಈಗ ಗೊತ್ತಾಗುತ್ತದೆ. ಆಗ ಮಾತ್ರ ನನ್ನ ಕಿವಿಯವರೆಗೆ ಬಿಸಿಯೇರಿತು. ಮರುದಿನದಿಂದ ನಾನು ಅರ್ಧ ಹೆರೆದು ಗೆರಟೆ ಎಸೆಯಲು ಕಲಿತೆ. ತಟ್ಟೆಯಲ್ಲಿ ಅನ್ನ ಬಿಡಲು ಕಲಿತೆ, ಒಲೆಗೆ ಬೇಡದಷ್ಟು ಸೌದೆ ತುರುಕಲು ಕಲಿತೆ. ಶ್ರೀಮಂತಿಕೆಯ ಪಾಠವನ್ನು ಅಷ್ಟು ಶ್ರದ್ಧೆಯಿಂದ ಕಲಿತವರು ಆ ಊರಲ್ಲಿ ಇನ್ನೊಬ್ಬರಿರಲಾರರು.

ಅರವತ್ತರ ದಶಕದ ಆರಂಭದಲ್ಲಿ ಬಂಗುಡೆ ಮೀನು ಬರಲಿಲ್ಲ. ಒಂದು ವರ್ಷ ಬಾರದಿದ್ದರೆ ಮುಂದಿನ ವರ್ಷ ಬಂದೀತು ಎಂದು ದಡದವರು ಕಾಯುತ್ತಾರೆ. ಮುಂದಿನ ವರ್ಷವೂ ಬಲೆಗೆ ಪಾಚಿ ಬಂತು. ಇದ್ದ ಉಪ್ಪುಮೀನನ್ನಾದರೂ ಘಟ್ಟಕ್ಕೆ ಕಳುಹಿಸೋಣ ಎಂದು ಮಾವ ಕಟ್ಟಿಸಿಟ್ಟಾಗ ಬೇಸಗೆಯಲ್ಲೇ ಮಳೆ ಹೊಡೆದು, ತೆಂಗಿನ ಮಡಲಿನ ಕೊಟ್ಟಿಗೆಯೊಳಗೆ ನೀರು ನುಗ್ಗಿ ಎಲ್ಲವೂ ಕೊಳೆಯಿತು. ಗುಂಡಿ ತೋಡಿ ಹೂತೆವು. ಬಲೆಯ ಪಾಲನ್ನು ಮಾವ ಬೇರೆಯವರಿಗೆ ಬಿಟ್ಟುಕೊಟ್ಟರು. ಆಮೇಲೆ ಮನೆಯಲ್ಲಿ ಸಂಪಾದನೆ ಎಂದಿದ್ದದ್ದು, ಕಟಪಾಡಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಗಂಡನ ಸಂಬಳ ಮಾತ್ರ.

ಮಾಮಿ ಅದೇ ದೊಡ್ಡ ಪಾತ್ರೆಯಲ್ಲೇ ಅನ್ನ ಇಡುತ್ತಿದ್ದರು. ಹಟದಿಂದಲ್ಲ, ಕಡಿಮೆ ಅಡುಗೆ ಮಾಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಕೈಯ ಬಳೆಗಳು ಒಂದೊಂದಾಗಿ ಉಡುಪಿಗೆ ಹೋಗಿ ಅಕ್ಕಿಯಾಗಿ ಬರುತ್ತಿದ್ದವು. ನಾನು ನೋಡುತ್ತಿದ್ದೆ. ಆ ಅಕ್ಕಿಯನ್ನು ಹೇಗೆ ಹಿಡಿದು ಬಳಸಬಹುದೆಂದು ನನಗೆ ಗೊತ್ತಿತ್ತು. ಹೇಳಿದರೆ ಎಲ್ಲಿಂದ ಕಲಿತದ್ದು ಎಂಬ ಪ್ರಶ್ನೆ ಬರುತ್ತಿತ್ತು.

ಕೊನೆಗೆ ಮಾಮಿಯೇ ಬಂದರು. ಮಧ್ಯಾಹ್ನ, ಎಲ್ಲರ ಊಟವಾದ ಮೇಲೆ, ಅಡುಗೆಮನೆಯ ನೆಲದಲ್ಲಿ ನನ್ನೆದುರು ಕೂತರು. ಕೈಗಳಲ್ಲಿ ಆಗ ಗಾಜಿನ ಬಳೆ ಮಾತ್ರ ಇತ್ತು. ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಗಾ, ನಿನಗೆ ಗೊತ್ತುಂಟು" ಎಂದರು.

"ಎಂತ ಮಾಮಿ?"

"ಕಡಿಮೆಯಲ್ಲಿ ಮನೆ ನಡೆಸುವುದು. ನೀನು ಬಂದ ಹೊಸತರಲ್ಲಿ ಕಾಯಿ ಹೆರೆದದ್ದು ನಾನು ಮರೆತಿಲ್ಲ. ಅದು ತುಂಬಿದ ಮನೆಯಿಂದ ಬಂದ ಕೈ ಅಲ್ಲ."

ನನಗೆ ಎಂತ ಗೊತ್ತು, ನಾವು ಎಲ್ಲೂರಿನಲ್ಲಿ ಹಾಗೆಲ್ಲ ಇರಲಿಲ್ಲ ಎಂದು ಏನೋ ತೊದಲಿದೆ. ಮಾಮಿ ಕೇಳಿಸಿಕೊಂಡರು. ಆಮೇಲೆ, "ಕೇಳಲು ನನಗೆ ನಾಚಿಕೆ ಆಗಲಿಲ್ಲ. ಹೇಳಲು ನಿನಗೆ ಯಾಕೆ?" ಎಂದರು.

ಅವರಿಗೆ ನಾಚಿಕೆ ಆಗಿತ್ತು. ಮಾತಾಡುವಾಗ ಒಲೆಯನ್ನು ನೋಡುತ್ತಿದ್ದರೇ ಹೊರತು ನನ್ನನ್ನಲ್ಲ. ನಾನು ಅತ್ತುಬಿಟ್ಟೆ. ಕಾರ್ಕಳದ ಮನೆ, ಬೀಡಿ, ಎಲ್ಲೂರಿನಲ್ಲಿ ಆಡಿದ ನಾಟಕ, ಎಲ್ಲವನ್ನೂ ಹೇಳಿದೆ. ಮಾಮಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಸರಿ, ಮೊದಲು ಎಂತ ಮಾಡಬೇಕು ಹೇಳು" ಎಂದರು.

ದೊಡ್ಡ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದ್ದು ಮೊದಲ ಕೆಲಸ. ಪಾತ್ರೆ ದೊಡ್ಡದಿದ್ದರೆ ಕೈ ತಾನಾಗಿ ತುಂಬಿಸುತ್ತದೆ. ಕಾಫಿಯ ಜಾಗಕ್ಕೆ ಕೊತ್ತಂಬರಿಯ ಕಷಾಯ ಬಂತು. ಸಂಜೆ ಎಲ್ಲರೂ ಚಾವಡಿಯ ಒಂದೇ ದೀಪದ ಸುತ್ತ ಕೂರಬೇಕೆಂದೆ. ಚಿಮಿಣಿ ಎಣ್ಣೆ ಉಳಿಯಿತು, ನಾದಿನಿಯರ ಜಗಳ ಹೆಚ್ಚಿತು. ಗಂಡ ಕಟಪಾಡಿಗೆ ನಡೆದೇ ಹೋಗತೊಡಗಿದರು. ಮಾವನ ವೀಳ್ಯದೆಲೆಗೆ ಹಿತ್ತಿಲಿನ ಮಾವಿನ ಮರಕ್ಕೆ ಬಳ್ಳಿ ಹಬ್ಬಿಸಿದೆವು. ನಾನು ಹೇಳುತ್ತಾ ಹೋದೆ, ಮಾಮಿ ಮಾಡುತ್ತಾ ಹೋದರು. ಹೇಳುವಾಗಲೆಲ್ಲ ನನಗೆ ನಮ್ಮ ಹುಲ್ಲಿನ ಮನೆಯ ಒಂದೊಂದು ಬಾಗಿಲನ್ನು ಕಳಚಿ ತಂದು ಇವರ ಅಂಗಳದಲ್ಲಿ ಇಡುತ್ತಿದ್ದೇನೆ ಅನ್ನಿಸುತ್ತಿತ್ತು.

ಹುರುಳಿ ಬೇಯಿಸಿದ ದಿನ ಮಾಮಿ ತಾವಾಗಿಯೇ ಅಡುಗೆಮನೆಯ ಕಿಟಕಿಗಳನ್ನು ಮುಚ್ಚಿದರು. ನೆರೆಯವರಿಗೆ ಗೊತ್ತಾಗಬಾರದಲ್ಲ. ಮಾವ ತಟ್ಟೆ ನೋಡಿ, ಇದು ಎತ್ತಿಗೆ ಹಾಕುವುದು ಎಂದು ಎದ್ದುಹೋದರು. ಕೆಲವು ದಿನ ಬರೀ ಗಂಜಿ ಮತ್ತು ಉಪ್ಪಿನಕಾಯಿ ಉಂಡರು. ಆಮೇಲೆ ಒಂದು ದಿನ ಹುರುಳಿ ಸಾರಿಗೆಂದು ಬಟ್ಟಲನ್ನು ನನ್ನತ್ತ ಸರಿಸಿದರು. ಅವರೂ ತಲೆ ಎತ್ತಲಿಲ್ಲ, ಬಡಿಸುವ ನಾನೂ ಎತ್ತಲಿಲ್ಲ. ಊರಿಗೆಲ್ಲ ಊಟ ಹಾಕಿದ ಮನುಷ್ಯ ಸೊಸೆಯ ತವರಿನ ಬಡತನವನ್ನು ಉಣ್ಣುತ್ತಿದ್ದರು.

ಹೀಗೆ ಮನೆ ನಿಂತಿತು. ಅಕ್ಕಿಗಾಗಿ ಇನ್ನೇನನ್ನೂ ಮಾರಬೇಕಾಗಲಿಲ್ಲ. ಇಷ್ಟರಲ್ಲಿ ಒಂದು ಆಟಿ ತಿಂಗಳು ಬಂತು. ಮಳೆ ಜೋರಿರುವ ಆ ತಿಂಗಳಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ನಾನು ಹೋಗಲಿಲ್ಲ. ಉಟ್ಟುಕೊಂಡು ಹೋಗಲು ತೇಪೆ ಇಲ್ಲದ ಸೀರೆ ಇರಲಿಲ್ಲ. ಕಾದು ನೋಡಿದ ಅಮ್ಮ ಎರಡು ಬಸ್ಸು ಬದಲಿಸಿ ತಾನೇ ಬರುತ್ತೇನೆಂದು ಸೋದರಮಾವನ ಮೂಲಕ ಹೇಳಿಕಳುಹಿಸಿದಳು.

ಇವರಿಂದ ಅಮ್ಮನನ್ನು ಮುಚ್ಚಿಟ್ಟಿದ್ದೆ. ಈಗ ಅಮ್ಮನಿಂದ ಇವರನ್ನು ಮುಚ್ಚಿಡಬೇಕಾಗಿತ್ತು. ಹೇಳದೆಯೇ ಮಾಮಿಗೆ ಅರ್ಥವಾಯಿತು. ಪಕ್ಕದ ಮನೆಯಿಂದ ಕೋಳಿ ಬಂತು, ಆ ಮನೆಯ ಸೊಸೆಯ ಸೀರೆ ನನ್ನ ಮೈಗೂ ಸರ ಕೊರಳಿಗೂ ಬಂತು, ಅಟ್ಟದಿಂದ ದೊಡ್ಡ ಪಾತ್ರೆ ಕೆಳಗೆ ಇಳಿಯಿತು. ಅಮ್ಮ ಬಂದಾಗ ಮಾಮಿ ಹಳೆಯ ಗತ್ತಿನಲ್ಲೇ ಚಾವಡಿಯಲ್ಲಿ ಕೂರಿಸಿ, ಅಕ್ಕ, ನಿಮ್ಮ ಮಗಳನ್ನು ಒಂದು ದಿನವೂ ಬಿಟ್ಟಿರಲು ನಮ್ಮಿಂದಾಗುವುದಿಲ್ಲ, ಅದಕ್ಕೇ ಕಳುಹಿಸಲಿಲ್ಲ ಎಂದರು. ಅಮ್ಮ ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಕ್ಕಳು. ಚೆನ್ನಾಗಿ ಉಂಡಳು. ನನ್ನ ಸರವನ್ನು ಎರಡು ಸಲ ಮುಟ್ಟಿ ನೋಡಿದಳು. ಎಲ್ಲ ಸರಿಹೋಯಿತು ಎಂದುಕೊಂಡೆ.

ಊಟವಾದ ಮೇಲೆ ಕೈ ತೊಳೆಯಲು ಅವಳು ಹಿತ್ತಿಲಿಗೆ ಹೋದಳು. ಅಲ್ಲಿ ಮಾಡಿನ ಕೆಳಗೆ ಚಾಪೆಯಲ್ಲಿ ಹುರುಳಿ ಹರಡಿತ್ತು. ಪಕ್ಕದಲ್ಲಿ ಕೆಮ್ಮಣ್ಣು ಮೆತ್ತಿದ ಹಲಸಿನ ಬೀಜ, ಅವಳು ಮೆತ್ತುತ್ತಿದ್ದ ಹಾಗೆಯೇ. ಮೂಲೆಯಲ್ಲಿ ತಟ್ಟೆ ಮುಚ್ಚಿಟ್ಟ ಗಂಜಿತಿಳಿಯ ಮಡಕೆ. ಚಾವಡಿಯನ್ನು ಸಿಂಗರಿಸುವ ಗಡಿಬಿಡಿಯಲ್ಲಿ ನಾವು ಹಿತ್ತಿಲನ್ನು ಮರೆತಿದ್ದೆವು. ಅಮ್ಮ ಬಹಳ ಹೊತ್ತು ಬರಲಿಲ್ಲ. ಬಂದವಳೇ ಹೊರಡುತ್ತೇನೆ ಎಂದಳು.

ಕಂಡದ್ದರ ಮಾತು ಎತ್ತಿದ್ದು ಬಸ್ಸು ನಿಲ್ಲುವ ಜಾಗದಲ್ಲಿ. ಮಳೆ ಸ್ವಲ್ಪ ಬಿಟ್ಟಿತ್ತು. "ಇದೆಲ್ಲ ನಿನಗೆ ಮರೆತುಹೋಗಲಿ ಎಂದೇ ನಾನು ನಿನ್ನನ್ನು ಇಲ್ಲಿಗೆ ಕೊಟ್ಟದ್ದು" ಎಂದಳು. ಅಷ್ಟೇ. ತಪ್ಪು ಯಾರದ್ದೆಂದು ಅವಳ ದನಿಯಲ್ಲಿ ಇರಲಿಲ್ಲ. ಮರೆಯದೆ ಇದ್ದದ್ದರಿಂದಲೇ ಇವರು ಉಳಿದರು ಅಮ್ಮ ಎಂದು ನಾನು ಹೇಳಬಹುದಿತ್ತು. ಬಸ್ಸು ಬಂತು. ಅವಳು ಮತ್ತೆ ಕಾಪುವಿಗೆ ಬರಲಿಲ್ಲ.

ನಡೆದದ್ದನ್ನು ಮಾಮಿಗೆ ಹೇಳಿದೆ. ಅವರ ಸ್ವಭಾವ ನಿಮಗೆ ಗೊತ್ತಾಗಿದೆ. ಅವರಿಗೆ ಸುಮ್ಮನಿರಲು ಆಗಲಿಲ್ಲ. ಮಳೆಗಾಲ ಮುಗಿದ ಮೇಲೆ ನನ್ನನ್ನು ಕರೆದುಕೊಂಡು ಕಾರ್ಕಳಕ್ಕೆ ಹೊರಟರು. ಆ ಇಳಿಜಾರನ್ನು ಏದುಸಿರು ಬಿಡುತ್ತಾ ಹತ್ತಿ, ನಮ್ಮ ಜಗಲಿಯಲ್ಲಿ ಕೂತರು. ಬೀಡಿ ಕಟ್ಟಲು ಸೇರಿದ್ದ ನೆರೆಮನೆಯ ಹೆಂಗಸರೆಲ್ಲ ಅಲ್ಲೇ ಇದ್ದರು. ಅವರೆಲ್ಲರ ಮುಂದೆ ಮಾಮಿ ಗಟ್ಟಿಯಾಗಿ, "ಅಕ್ಕ, ನೀವು ಕಲಿಸಿ ಕಳುಹಿಸಿದ್ದರಿಂದ ನಮ್ಮ ಮನೆ ಉಳಿಯಿತು" ಎಂದರು. ಮನಸ್ಸಿನಿಂದ ಬಂದ ಮಾತು. ನಾನು ಅಮ್ಮನ ಮುಖ ನೋಡಿದೆ. ಸಂತೋಷ ಕಾಣಿಸೀತು ಎಂದುಕೊಂಡಿದ್ದೆ. ಅವಳು ಕಳವು ಮಾಡಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿ, ಮೊರದಲ್ಲಿದ್ದ ಎಲೆಗಳನ್ನು ಸುಮ್ಮನೆ ಜೋಡಿಸುತ್ತಿದ್ದಳು. ಮಗಳು ದೊಡ್ಡ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಆ ಹೆಂಗಸರಿಗೆಲ್ಲ ವರ್ಷಗಟ್ಟಲೆ ಹೇಳಿಕೊಂಡು ಬಂದವಳು ಅವಳು.

ಆಮೇಲೆ ದಿನಗಳು ಸುಧಾರಿಸಿದವು. ನನ್ನ ಗಂಡನಿಗೆ ಮಣಿಪಾಲದಲ್ಲಿ ಒಳ್ಳೆಯ ಕೆಲಸ ಸಿಕ್ಕಿತು, ನಾದಿನಿಯರ ಮದುವೆಯಾಯಿತು. ಬಂಗುಡೆಯೂ ಬಂತು, ಬೇರೆಯವರ ಬಲೆಗೆ. ಮಾವ ದಡಕ್ಕೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಮಾಮಿ ಕೊನೆಯವರೆಗೂ ಸಣ್ಣ ಪಾತ್ರೆಯಲ್ಲೇ ಅಡುಗೆ ಮಾಡಿದರು. ಅಂಗಳಕ್ಕೆ ಬಂದವರಿಗೆ ಮಾತ್ರ ಅದರಿಂದಲೇ ಹೇಗೋ ಊಟ ಸಿಗುತ್ತಿತ್ತು. ಅಮ್ಮ ಕಾರ್ಕಳದ ಆ ಮನೆಯಲ್ಲೇ ತೀರಿಕೊಂಡಳು. ನನ್ನ ಮಕ್ಕಳಿಗೆ ಅಜ್ಜಿಯ ಮನೆ ಎಂದರೆ ಎಲ್ಲೂರು. ನಾನೇ ಹಾಗೆ ಹೇಳಿ ಬೆಳೆಸಿದ್ದು. ಸೋದರಮಾವ ಒಂದು ದಿನಕ್ಕೆ ಹೇಳಿದ ಸುಳ್ಳನ್ನು ನಾನು ಇಡೀ ಜೀವಮಾನ ನಡೆಸಿಕೊಂಡು ಬಂದೆ.

ಮೊನ್ನೆ ಕಿಟಕಿ ಮುಚ್ಚಿದ ದಿನವೇ ಮಧ್ಯಾಹ್ನ ಊಟಕ್ಕೆ ಕೂತಾಗ, ಯಾಕೆ ಮುಚ್ಚಿದ್ದು ಎಂದು ಮಗಳು ಮತ್ತೆ ಕೇಳಿದಳು. ಈ ಸಲ ಹೇಳಿದೆ, ನಿಮಗೆ ಈಗ ಹೇಳಿದ್ದನ್ನೆಲ್ಲ. ಅಜ್ಜಿ ಬೀಡಿ ಕಟ್ಟುತ್ತಿದ್ದಳು ಎನ್ನುವಾಗ ನನ್ನ ದನಿ ಇಳಿದುಹೋಯಿತು. ಕೆಲಸದವಳು ಒಳಗಿದ್ದಾಳೋ ಎಂದು ಒಮ್ಮೆ ತಿರುಗಿಯೂ ನೋಡಿದೆ.

ಮಗಳು ಊಟ ನಿಲ್ಲಿಸಿ ಕೇಳುತ್ತಿದ್ದಳು. ನಾನು ಮುಗಿಸಿದ ಮೇಲೂ ಇನ್ನೇನೋ ಬಾಕಿ ಉಂಟೆಂದು ಕಾಯುತ್ತಿದ್ದಳು. ಆಮೇಲೆ ಕೇಳಿದಳು.

"ಇಷ್ಟೇಯಾ ಅಮ್ಮ?"

ಅವಳು ಹಗುರವಾಗಿ ಕೇಳಿದ್ದಲ್ಲ. ಮುಚ್ಚಿಡುವಂಥದ್ದು ಇದರಲ್ಲಿ ಏನಿದೆ ಎಂದು ಅವಳಿಗೆ ನಿಜವಾಗಿ ತಿಳಿಯಲಿಲ್ಲ. ತಿಳಿಯದ ಹಾಗೆ ಅವಳನ್ನು ಬೆಳೆಸಲು ಎರಡು ಮನೆಯ ಹೆಂಗಸರು ಎಷ್ಟು ತಲೆ ತಗ್ಗಿಸಿದ್ದರು ಎಂದು ಹೇಳಲು ಹೊರಟಿದ್ದೆ.

"ಇಷ್ಟೇ" ಎಂದೆ.

ಅವಳು ನನ್ನ ತಟ್ಟೆಗೆ ಅನ್ನ ಬಡಿಸಿದಳು. ಆ ಕಾರ್ಕಳದ ಜಾಗ ಈಗಲೂ ಉಂಟಾ, ಭಾನುವಾರ ಹೋಗಿ ನೋಡಿಕೊಂಡು ಬರುವುದಾ ಎಂದು ಕೇಳಿದಳು. ದಾರಿ ನೆನಪುಂಟು ಎಂದೆ.