ಬೇಸ್‌ಗೆ ನಾಲ್ಕು ಬೆರಳು ಹಿಂದೆ

ಭಾನುವಾರ ಬೆಳಗಿನ ಐದೂವರೆ. ಅಯೋವಾದ ನಮ್ಮ ಪುಟ್ಟ ಊರಿನ ಬೇಸ್‌ಬಾಲ್ ಮೈದಾನದಲ್ಲಿ ವರ್ನಾ ಹೊಲೂಬ್ ಕುಂಟೆ ಎಳೆದು ಮಣ್ಣು ಸಮ ಮಾಡುತ್ತಿದ್ದಾರೆ. ಅರವತ್ಮೂರು ವಯಸ್ಸು, ಜೇಬಿನಲ್ಲಿ ಅರ್ಧ ತಿಂದ ಕೊಲಾಚೆ ಎಂಬ ಸಿಹಿ ಬನ್ನು. ಎಲ್ಲ ಮುಗಿದರೂ ಮೊದಲ ಬೇಸ್ ಪಕ್ಕದ ಒಂದು ಗುರುತನ್ನು ಮುಟ್ಟಿಲ್ಲ.

"ಅಲ್ಲಿ ಕಾಲಿಡಬೇಡ ಮಾರಾಯಾ!" ಎಂದು ನನ್ನನ್ನು ಗದರುತ್ತಾರೆ.

ಈ ಮೈದಾನ ನೋಡಿಕೊಳ್ಳಲು ಬಂದು ಹತ್ತೊಂಬತ್ತು ವರ್ಷ, ವರ್ಷಕ್ಕೆ ಎಪ್ಪತ್ತು ಪಂದ್ಯ. ಮಂಡಿ ಎರಡೂ ಹೋಗಿವೆ. ನಿನ್ನೆಯ ಸ್ಕೋರು ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ, ಆದರೆ ಮಣ್ಣು ಓದಲು ಶುರು ಮಾಡಿದರೆ ನನಗೆ ಮೈ ಜುಮ್ಮೆನ್ನುತ್ತದೆ.

"ಪಿಕಾಫ್ ಅಂದ್ರೆ ಏನಂದ್ಕೊಂಡೆ? ಪಿಚರ್ ಬ್ಯಾಟಿನ ಕಡೆ ಚೆಂಡು ಎಸೀತಿದ್ದ ಹಾಗೇ ಓಡಿ ಮುಂದಿನ ಬೇಸ್ ಕದಿಯೋಕೆ ಅಂತ ಓಡೋನು ನಾಲ್ಕು ಹೆಜ್ಜೆ ಜರುಗಿರ್ತಾನೆ. ಪಿಚರ್ ಹಾಗೆ ಎಸೆಯೋದು ಬಿಟ್ಟು ಗಕ್ಕನೆ ಇಲ್ಲಿಗೆ ಎಸೀತಾನೆ. ಇವನು ಹೊಟ್ಟೆ ಮೇಲೆ ಬಿದ್ದು ವಾಪಸ್ ಬೇಸ್ ಮುಟ್ಟಬೇಕು, ಇಲ್ಲಾಂದ್ರೆ ಔಟ್. ಪಿಚರ್ ಅಂದ್ರೆ ಭಯ ಇದ್ರೆ ಮಣ್ಣಲ್ಲಿ ಹೊಟ್ಟೆ ಗುರುತು ಇರುತ್ತೆ. ಪೆಗೆರೊ ಆಡಿದ ಮಾರನೇ ದಿನ ಒಂದೂ ಇರ್ತಿರ್ಲಿಲ್ಲ."

ಇಸಿದ್ರೊ ಪೆಗೆರೊ ಪಂದ್ಯದ ಕೊನೆಗೆ ಇಳಿಯುವ ನಮ್ಮ ಎಡಗೈ ಪಿಚರ್. ಅವನೆದುರು ಬೇಸ್ ಕದಿಯದವರೇ ಇಲ್ಲ. ಶನಿವಾರವೂ ಕದ್ದರೆ ಗಂಟುಮೂಟೆ ಕಟ್ಟು ಎಂದಿದ್ದರು ಕೋಚ್.

ಶುಕ್ರವಾರ ವರ್ನಾ ಅವನನ್ನು ಪಿಚರ್ ದಿಬ್ಬಕ್ಕೆ ಕರೆದು ಒಂದು ಗೀರು ತೋರಿಸಿದರು.

"ಬ್ಯಾಟಿನ ಕಡೆ ಎಸೆಯೋ ಮುಂಚೆ ಬೂಟಿನ ತುದೀಲಿ ಮಣ್ಣು ಕೆರೀತೀಯ. ಬೇಸ್‌ಗೆ ಎಸೆಯೋ ಮುಂಚೆ ಕೆರೆಯಲ್ಲ. ಹೀಗೆ ಡಂಗುರ ಹೊಡೆದು ಎಸೆದ್ರೆ ಕದೀದೆ ಇರ್ತಾರೇನೋ? ಎರಡಕ್ಕೂ ಕೆರಿ."

"ಅಮ್ಮಾ, ಕೋಚ್‌ಗೇ ಕಾಣದ್ದು ನಿಮಗೆ ಕಂಡಿತಾ?"

"ಕೋಚ್ ನಿನ್ನ ಕೈ ನೋಡ್ತಾರೆ. ನೀನು ಕೆರೆದ ಗುಂಡಿ ಮುಚ್ಚೋಳು ನಾನಲ್ವಾ!"

ಶನಿವಾರ, ಕೊನೆಯ ಇನಿಂಗ್ಸ್. ನಮಗೆ ಒಂದೇ ರನ್ ಮುನ್ನಡೆ, ಎದುರಾಳಿ ಮೊದಲ ಬೇಸ್‌ನಲ್ಲಿ. ಪೆಗೆರೊ ಮಣ್ಣು ಕೆರೆದ. ಓಟಗಾರ ಧೈರ್ಯವಾಗಿ ಮುಂದಕ್ಕೆ ವಾಲಿದ. ಚೆಂಡು ಬಂದದ್ದು ಮೊದಲ ಬೇಸ್‌ಗೆ. ಹಿಂದಕ್ಕೆ ಹಾರಿ ಬಿದ್ದರೂ ಅವನು ಔಟ್. ಅಬ್ಬಾ, ಊರಿಗೆ ಊರೇ ಎದ್ದು ನಿಂತಿತು! ವರ್ನಾ ಮಾತ್ರ ಟಾರ್ಪಾಲಿನ ಪಕ್ಕ ಕುಳಿತೇ ಇದ್ದರು.

ಈಗ ವರ್ನಾ ಮುಟ್ಟದೆ ಉಳಿಸಿದ ಆ ಗುರುತನ್ನು ಬಗ್ಗಿ ನೋಡುತ್ತೇನೆ. ಎದೆ, ಹೊಟ್ಟೆ ಉಜ್ಜಿದ ಉದ್ದ ಗುರುತು, ಚಾಚಿದ ಕೈ, ಐದು ಬೆರಳಿನ ಅಚ್ಚು. ಬೇಸ್‌ಗೆ ಇನ್ನೂ ನಾಲ್ಕು ಬೆರಳು ಇರುವಾಗಲೇ ಅದು ನಿಂತುಬಿಟ್ಟಿದೆ.

"ಒಂದು ಫೋಟೊ ತೆಗೀಲಾ?"

"ಬೇಡಪ್ಪ. ಎರಡು ಗಂಟೆಗೆ ಪಂದ್ಯ ಇದೆ, ಪೆಗೆರೊನೂ ಇರ್ತಾನೆ" ಎಂದು ವರ್ನಾ ಒಂದೇ ಎಳೆತಕ್ಕೆ ಅದನ್ನು ಅಳಿಸುತ್ತಾರೆ. "ನಾಳೆ ಬೆಳಿಗ್ಗೆ ಇಂಥದ್ದು ಇನ್ನೊಂದೆರಡು ಅಳಿಸೋಕೆ ಸಿಕ್ಕರೆ ಸಾಕು ನನಗೆ."